50ನೇ ಬೈಟ್‌ನಲ್ಲಿ ಕತ್ತರಿಸಿದ ಹೆಸರು

(ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಬೋರ್ಡ್ ಮೇಲೆ ಒಂದು ಪದ ಬರೆಯುತ್ತೇನೆ: ಸ್ತ್ರೀ. ಇದರಲ್ಲಿ ಎಷ್ಟು ಅಕ್ಷರ ಇದೆ, ಹೇಳಿ ನೋಡೋಣ.

ಜಾಸ್ತಿ ಜನ ಒಂದು ಅಂದಿರಿ. ಹಿಂದಿನ ಸಾಲಿನಿಂದ ಒಬ್ಬರು ನಾಲ್ಕು ಅಂದರು. ಸಕಾರ, ತಕಾರ, ರಕಾರ ಮೂರು ವ್ಯಂಜನ, ಜೊತೆಗೆ ಈಕಾರ. ವ್ಯಾಕರಣ ಓದಿದವರ ಉತ್ತರ ಅದು. ಈಗ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದೇ ಪದದ ಉದ್ದ ಕೇಳುತ್ತೇನೆ, ಪರದೆ ನೋಡಿ. 6. ಒತ್ತಕ್ಷರ ಜೋಡಿಸುವ ಎರಡು ಗುರುತುಗಳನ್ನೂ (್) ಅದು ಎಣಿಸಿತು. ಇದೇ ಪದವನ್ನು ಒಂದು ಫೈಲ್‌ಗೆ ಬರೆದು ಫೈಲ್‌ನ ಗಾತ್ರ ಕೇಳಿದರೆ 18 ಬೈಟ್.

1, 4, 6, 18. ನಾಲ್ಕೂ ಸರಿ. ಯಾವ ಲೆಕ್ಕ ಯಾವಾಗ ಬೇಕು ಅಂತ ಗೊತ್ತಿಲ್ಲದೆ ಕೋಡ್ ಬರೆದರೆ ಏನಾಗುತ್ತದೆ ಅನ್ನುವುದನ್ನು ನಾನು ಕೆಲಸದಲ್ಲಿ ಕಲಿತೆ. ಯಾಕೆ ಹಾಗಾಗುತ್ತದೆ ಅನ್ನುವುದನ್ನು ಮನೆಯಲ್ಲಿ, ನನ್ನದೇ ಒಂದು ಪುಟ್ಟ ಪ್ರಾಜೆಕ್ಟ್‌ನಲ್ಲಿ ಕಲಿತೆ. ಇವತ್ತು ಆ ಎರಡರ ನಡುವಿನ ಓಡಾಟದ ಬಗ್ಗೆ ಹೇಳಬೇಕು ಅಂತ ಬಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಜನರ ಹೆಸರು, ವಿಳಾಸ ತುಂಬಿಸುವ ಒಂದು ಫಾರ್ಮ್ ಇತ್ತು. ಕನ್ನಡದಲ್ಲೂ ತುಂಬಬಹುದಿತ್ತು. ಒಂದು ದಿನ ಟಿಕೆಟ್ ಬಂತು, ಅಂದರೆ ದಾಖಲಾದ ದೂರು. ಕೆಲವರ ಹೆಸರಿನ ಕೊನೆಯಲ್ಲಿ ಕಪ್ಪು ವಜ್ರದ ಆಕಾರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ ಅಂತ. ನೀವೂ ನೋಡಿರುತ್ತೀರಿ ಅದನ್ನು. 'ಇಲ್ಲಿ ಏನೋ ಬೈಟ್ ಇದೆ, ನನಗೆ ಓದಲು ಆಗುತ್ತಿಲ್ಲ' ಅಂತ ಕಂಪ್ಯೂಟರ್ ಹೇಳುವ ರೀತಿ ಅದು.

ನೋಡಿದೆ. ಹೆಸರಿನ ಕಾಲಂಗೆ 50 ಅಂತ ಮಿತಿ ಇತ್ತು. ಉದ್ದದ ಹೆಸರುಗಳಿಗೆ ಮಾತ್ರ ತೊಂದರೆ. ಮಿತಿಯನ್ನು 100 ಮಾಡಿದೆ, ಟೆಸ್ಟ್ ಮಾಡಿದೆ, ಸರಿಹೋಯಿತು. ಅರ್ಧ ಗಂಟೆಯಲ್ಲಿ ಟಿಕೆಟ್ ಮುಚ್ಚಿತು. ಎಲ್ಲರಿಗೂ ಖುಷಿ.

ಆದರೆ ಒಂದು ವಿಷಯ ತಲೆಯಲ್ಲೇ ಉಳಿಯಿತು. ಉದ್ದದ ಹೆಸರುಗಳೆಲ್ಲ ಕೆಟ್ಟಿರಲಿಲ್ಲ. ಅಷ್ಟೇ ಉದ್ದದ ಕೆಲವು ಹೆಸರುಗಳ ಬಾಲ ತುಂಡಾಗಿತ್ತು, ಆದರೆ ಆ ಕಪ್ಪು ವಜ್ರ ಇರಲಿಲ್ಲ. ಯಾಕೆ ಕೆಲವಕ್ಕೆ ಮಾತ್ರ? ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಕೆಲಸದಲ್ಲಿ ಮುಂದಿನ ಟಿಕೆಟ್ ಕಾಯುತ್ತಿತ್ತು. ಬಿಟ್ಟೆ.

ಕೆಲವು ತಿಂಗಳ ನಂತರ ಅದೇ ದೂರು ಮತ್ತೆ ಬಂತು. ಈ ಸಲ ಹೆಸರು ಇನ್ನೂ ಉದ್ದ, ಅಷ್ಟೇ ವ್ಯತ್ಯಾಸ.

ಆಗ ಸಂಜೆ ಹೊತ್ತು ನಾನು ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. ಓದಿದ್ದು, ಕೇಳಿದ್ದು, ಹೊಳೆದದ್ದು ಬರೆದಿಡಲು, ಬರೆದಿಟ್ಟಿದ್ದನ್ನು ಹುಡುಕಲು. ಲಾಗಿನ್ ಇಲ್ಲ, ಸರ್ವರ್ ಇಲ್ಲ. ಟರ್ಮಿನಲ್‌ನಲ್ಲಿ ಒಂದು ಪದ ಕೊಟ್ಟರೆ ಆ ಪದ ಇರುವ ಟಿಪ್ಪಣಿಗಳನ್ನು ತೋರಿಸಬೇಕು. ಬಳಸುವವನು ನಾನೊಬ್ಬನೇ. ಸಿ ಭಾಷೆಯಲ್ಲಿ ಬರೆಯುತ್ತಿದ್ದೆ. ಸಿ ನಿಮಗೆ ಏನನ್ನೂ ಮುಚ್ಚಿಡುವುದಿಲ್ಲ. ಅಲ್ಲಿ ಪಠ್ಯ ಅಂದರೆ ಬೈಟ್‌ಗಳ ಸಾಲು, ಅಷ್ಟೇ. ಹಾಗಾಗಿ ಬೈಟ್ ಒಂದೊಂದನ್ನೇ ಮುದ್ರಿಸಿ ನೋಡುವುದು ಸುಲಭ. ಒಂದು ಸಂಜೆ 'ಕ' ಅಂತ ಟೈಪ್ ಮಾಡಿ ನೋಡಿದೆ: 224, 178, 149. ಒಂದು ಅಕ್ಷರ, ಮೂರು ಸಂಖ್ಯೆ. ಇನ್ನಷ್ಟು ಅಕ್ಷರ ಕೊಟ್ಟೆ. ಪ್ರತಿಯೊಂದಕ್ಕೂ ಮೂರೇ ಬೈಟ್. ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179.

ಅಲ್ಲಿಂದ ಯುಟಿಎಫ್-8, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಯ ಬಗ್ಗೆ ಓದುತ್ತಾ ಹೋದೆ. ಎಷ್ಟು ಚೆಂದದ ರಚನೆ ಅದು ಅಂದರೆ, ಇವತ್ತಿಗೂ ನೆನಪಿಸಿಕೊಂಡರೆ ಖುಷಿಯಾಗುತ್ತದೆ. 1992ರ ಸೆಪ್ಟೆಂಬರ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅನ್ನುವ ಇಬ್ಬರು ಪ್ರೋಗ್ರಾಮರ್‌ಗಳು ರಾತ್ರಿ ಊಟಕ್ಕೆ ಹೋಗಿದ್ದಾಗ, ತಟ್ಟೆಯ ಕೆಳಗೆ ಹಾಸುವ ಕಾಗದದ ಮೇಲೆ ಇದರ ವಿನ್ಯಾಸ ಬರೆದರು. ಕೆಲವೇ ದಿನಗಳಲ್ಲಿ ಅವರ ಪ್ಲಾನ್ 9 ಆಪರೇಟಿಂಗ್ ಸಿಸ್ಟಂ ಅದರ ಮೇಲೆ ಓಡುತ್ತಿತ್ತು.

ಅದರ ಜಾಣತನ ಇಲ್ಲಿದೆ. ಒಂದು ಬೈಟ್ ಅಂದರೆ ಎಂಟು ಬಿಟ್, ಅಲ್ವಾ? ಬೈಟ್ 0 ಬಿಟ್‌ನಿಂದ ಶುರುವಾದರೆ ಅದೊಂದೇ ಬೈಟ್‌ನಲ್ಲಿ ಮುಗಿಯುವ ಇಂಗ್ಲಿಷ್ ಅಕ್ಷರ. 1110 ಅಂತ ಶುರುವಾದರೆ 'ನಾನು ಮೂರು ಬೈಟ್‌ಗಳ ಗುಂಪಿನ ಮೊದಲನೆಯವನು' ಅಂತ ಅರ್ಥ. ಹಿಂಬಾಲಿಸುವ ಪ್ರತಿ ಬೈಟೂ 10 ಅಂತ ಶುರುವಾಗುತ್ತದೆ. ಹಾಗಾಗಿ ಪಠ್ಯದ ನಟ್ಟನಡುವೆ ಕಣ್ಣುಮುಚ್ಚಿ ಇಳಿದರೂ ನೀವು ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ. 10 ಅಂತ ಶುರುವಾಗುವ ಬೈಟ್ ಸಿಕ್ಕಿತೇ? ಹಿಂದಕ್ಕೆ ನಡೆಯಿರಿ. ಹೆಚ್ಚೆಂದರೆ ಮೂರು ಹೆಜ್ಜೆ, ಗುಂಪಿನ ತಲೆ ಸಿಗುತ್ತದೆ.

ಇದು ಅರ್ಥವಾದ ರಾತ್ರಿಯೇ ಆ ಹಳೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ.

ಮಿತಿ 50 ಬೈಟ್. ಕನ್ನಡದ ಪ್ರತಿ ಗುರುತಿಗೂ 3 ಬೈಟ್. ನಡುವೆ ಜಾಗ ಬಿಡದ ಉದ್ದದ ಹೆಸರಾದರೆ 16 ಗುರುತಿಗೆ 48 ಬೈಟ್ ಆಯಿತು, 2 ಬೈಟ್ ಉಳಿಯಿತು. 17ನೇ ಗುರುತು ಅರ್ಧಕ್ಕೆ ತುಂಡಾಯಿತು. ಕಪ್ಪು ವಜ್ರ. ಈಗ ಹೆಸರಿನ ನಡುವೆ ಒಂದು ಖಾಲಿ ಜಾಗ ಇದೆ ಅನ್ನಿ. ಆ ಜಾಗಕ್ಕೆ 1 ಬೈಟ್. ಉಳಿದದ್ದು 49, ಅದರಲ್ಲಿ 48 ಹೋಗಿ 1 ಬೈಟ್ ಮಿಕ್ಕಿತು. ಮತ್ತೆ ಕಪ್ಪು ವಜ್ರ. ಎರಡು ಖಾಲಿ ಜಾಗ ಇದ್ದರೆ? 50ರಲ್ಲಿ 2 ಕಳೆದರೆ 48. ಮೂರರಿಂದ ಸರಿಯಾಗಿ ಭಾಗವಾಗುತ್ತದೆ. ಹೆಸರು ತುಂಡಾಗುತ್ತದೆ, ಆದರೆ ವಜ್ರ ಕಾಣುವುದಿಲ್ಲ.

ಅಂದರೆ ಮೊದಲ 50 ಬೈಟ್‌ನೊಳಗೆ ಎರಡು ಜಾಗ ಬಿದ್ದವರ ಹೆಸರು ಸದ್ದಿಲ್ಲದೆ ಕತ್ತರಿಸಿಹೋಗುತ್ತಿತ್ತು. ಅವರು ಯಾರೂ ದೂರು ಕೊಟ್ಟಿರಲಿಲ್ಲ, ಯಾಕೆಂದರೆ ನೋಡಲು ಅದು ಹೆಸರಿನ ಹಾಗೇ ಇತ್ತು. ನಾನು ಮಿತಿಯನ್ನು 100 ಮಾಡಿದ್ದು ಬಗ್ ಅನ್ನು ಸರಿಮಾಡಿರಲಿಲ್ಲ, ಸುಮ್ನೆ ಇನ್ನೊಂದು ಕಡೆಗೆ ತಳ್ಳಿತ್ತು. 100ರ ಲೆಕ್ಕದಲ್ಲಿ ಒಂದು ಜಾಗ ಇದ್ದವರು ವಜ್ರದಿಂದ ಪಾರು, ಉಳಿದವರು ಸಿಕ್ಕಿಬೀಳುತ್ತಾರೆ. ಇಂಗ್ಲಿಷ್‌ನಲ್ಲಿ ಬರೆದವರಿಗೆ ವಜ್ರದ ತೊಂದರೆ ಯಾವತ್ತೂ ಇಲ್ಲ. ಅದಕ್ಕೇ ನಮ್ಮ ಟೆಸ್ಟ್‌ಗಳಲ್ಲಿ ಅದು ಸಿಗಲಿಲ್ಲ. ಟೆಸ್ಟ್‌ನಲ್ಲಿದ್ದ ಹೆಸರುಗಳೆಲ್ಲ ಇಂಗ್ಲಿಷ್‌ನವು.

ಮರುದಿನ ಹೋಗಿ ಸರಿಮಾಡಿದೆವು. ಕತ್ತರಿಸುವ ಕೋಡನ್ನೇ ತೆಗೆದೆವು. ಹೆಸರು ಉದ್ದವಾದರೆ ಫಾರ್ಮ್ ತುಂಬುವವರಿಗೆ ಅಲ್ಲೇ ತಿಳಿಸುವುದು ಅಂತ ಮಾಡಿದೆವು. ಇನ್ನೊಬ್ಬರ ಹೆಸರನ್ನು ಅವರಿಗೆ ಹೇಳದೆ ಕತ್ತರಿಸುವ ಹಕ್ಕು ನಮ್ಮ ಪ್ರೋಗ್ರಾಂಗೆ ಇಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

ನಾನು ಸ್ವಂತ ಪ್ರಾಜೆಕ್ಟ್‌ಗಳ ಪರವಾಗಿ ಇಷ್ಟೊಂದು ಮಾತಾಡುವುದು ಇದಕ್ಕೇ. ಕೆಲಸದಲ್ಲಿ ನಮಗೆ ಸಮಯ ಕೊಡುವುದು ತೊಂದರೆ ನಿಲ್ಲುವವರೆಗೆ. ಅದು ತಪ್ಪು ಅಂತ ಹೇಳುತ್ತಿಲ್ಲ. ಕಾಯುವ ಜನ ಇರುತ್ತಾರೆ, ಮೊದಲು ಅವರ ಕೆಲಸ ಆಗಬೇಕು. ಆದರೆ ಕಾರಣದವರೆಗೆ ಹೋಗುವ ಅಭ್ಯಾಸ ಬೆಳೆಯಬೇಕಾದರೆ ಯಾರೂ ಅವಸರ ಮಾಡದ ಒಂದು ಜಾಗ ಬೇಕು. ನನಗೆ ಆ ಜಾಗ ಆ ಟಿಪ್ಪಣಿ ಪ್ರೋಗ್ರಾಂ.

ಅದರಲ್ಲಿ ಸಿಕ್ಕ ಎರಡನೇ ಬಗ್ ಇನ್ನೂ ವಿಚಿತ್ರ. 'ಕೋಶ' ಅನ್ನುವ ಪದ ಹುಡುಕಿದೆ. ಟಿಪ್ಪಣಿಯಲ್ಲಿ ಆ ಪದ ಇದೆ, ಕಣ್ಣೆದುರೇ ಇದೆ, ಆದರೆ ಪ್ರೋಗ್ರಾಂ ಇಲ್ಲ ಅನ್ನುತ್ತದೆ. ಎರಡೂ ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬೈಟ್ ಮುದ್ರಿಸಿದೆ. ನಾನು ಟೈಪ್ ಮಾಡಿದ್ದು 9 ಬೈಟ್, ಟಿಪ್ಪಣಿಯಲ್ಲಿದ್ದದ್ದು 15 ಬೈಟ್!

ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಓಕಾರದ ಗುರುತನ್ನು ಎರಡು ರೀತಿ ಬರೆಯಬಹುದು. ಒಂದೇ ಗುರುತಾಗಿ ಬರೆಯಬಹುದು. ಇಲ್ಲವೇ ಎಕಾರದ ಗುರುತು, ಊಕಾರದ ಗುರುತು, ಕೊನೆಗೆ ದೀರ್ಘದ ಗುರುತು, ಹೀಗೆ ಮೂರು ತುಂಡಾಗಿ ಬರೆಯಬಹುದು. ಕೈಯಲ್ಲಿ ಬರೆಯುವಾಗ ನಾವು ಮಾಡುವುದೂ ಹೆಚ್ಚುಕಡಿಮೆ ಅದೇ, ಅಲ್ವಾ? ಕಣ್ಣಿಗೆ ಎರಡೂ ಒಂದೇ. ಪಠ್ಯ ಎಲ್ಲಿಂದ ಬಂತು, ಯಾವ ಸಾಫ್ಟ್‌ವೇರ್ ದಾಟಿ ಬಂತು ಅನ್ನುವುದರ ಮೇಲೆ ಒಳಗಿನ ರೂಪ ಬದಲಾಗಬಹುದು. ಇದನ್ನು ಒಂದೇ ರೂಪಕ್ಕೆ ತರುವ ನಿಯಮ ಯುನಿಕೋಡ್‌ನಲ್ಲೇ ಇದೆ, ನಾರ್ಮಲೈಸೇಶನ್ ಅನ್ನುತ್ತಾರೆ. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಿಗೆ ಅದನ್ನು ಮಾಡುವ ಲೈಬ್ರರಿ ಸಿಗುತ್ತದೆ.

ಇಲ್ಲಿ ನನಗೆ ಒಂದು ತೀರ್ಮಾನ ಮಾಡಬೇಕಾಯಿತು. ಟಿಪ್ಪಣಿಯನ್ನು ಉಳಿಸುವಾಗಲೇ ಒಂದೇ ರೂಪಕ್ಕೆ ಬದಲಿಸಿಬಿಡಲೇ? ಸುಲಭ. ಆದರೆ ಬಳಸುವವರು ಬರೆದದ್ದನ್ನು ಮುಟ್ಟಬಾರದು ಅನ್ನಿಸಿತು. ಬರೆದದ್ದು ಬರೆದ ಹಾಗೇ ಇರಲಿ, ಹೋಲಿಸುವಾಗ ಮಾತ್ರ ಎರಡೂ ಕಡೆಯನ್ನು ಒಂದೇ ರೂಪಕ್ಕೆ ತಂದು ನೋಡೋಣ ಅಂತ ಮಾಡಿದೆ. ಕೋಡ್ ಸ್ವಲ್ಪ ಜಾಸ್ತಿಯಾಯಿತು. ಆದರೂ ಇದೇ ಸರಿ ಅಂತ ಈಗಲೂ ಅನ್ನಿಸುತ್ತದೆ.

ಈಗ ನನ್ನ ಕೆಲಸದ ರೀತಿಯ ಬಗ್ಗೆ. ಕೋಡ್ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಹೊಸಬರಿಗೆ ಇದು ಬೇಸರ ತರಿಸಬಹುದು, ಆದರೆ ಕೆಲಸ ಇರುವುದೇ ಹಾಗೆ. ಓದುವಾಗ ಪಕ್ಕದಲ್ಲಿ ಕಾಗದ, ಪೆನ್ ಇಟ್ಟುಕೊಳ್ಳುತ್ತೇನೆ. ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ ಅಂತ ಬಾಣ ಎಳೆಯುತ್ತಾ ಹೋಗುತ್ತೇನೆ. ಬಗ್ ಬಂದರೆ ಮೊದಲ ಕೆಲಸ ಅದನ್ನು ಸರಿಮಾಡುವುದಲ್ಲ. ಅದು ಬೇಕೆಂದಾಗ ಬರುವ ಹಾಗೆ ಮಾಡುವುದು. ಕೇಳಿದಾಗ ಬರದ ಬಗ್ ಅನ್ನು ಸರಿಮಾಡಿದ್ದೇವೆ ಅಂತ ಹೇಗೆ ಹೇಳುವುದು? ಬಂತು ಅಂದರೆ ಅದಕ್ಕೆ ಒಂದು ಟೆಸ್ಟ್ ಬರೆಯುತ್ತೇನೆ. ಟೆಸ್ಟ್ ಕೆಂಪಾಗಬೇಕು, ಅಂದರೆ ಸೋಲಬೇಕು. ಆಮೇಲೆ ಕೋಡ್ ಮುಟ್ಟುತ್ತೇನೆ.

ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಅನ್ನುವ ಉಪಕರಣದಲ್ಲಿ ಬೈಸೆಕ್ಟ್ ಬಳಸಿದ್ದೀರಾ? ಕೈ ಎತ್ತಿದವರು ಕಡಿಮೆ. ಇವತ್ತೇ ಹೋಗಿ ಕಲಿಯಿರಿ. ನನ್ನ ಟಿಪ್ಪಣಿ ಪ್ರೋಗ್ರಾಂ ಒಂದು ಸಮಯದಲ್ಲಿ ತುಂಬಾ ನಿಧಾನವಾಯಿತು. ಯಾವಾಗಿಂದ ಅಂತ ಗೊತ್ತಿಲ್ಲ. ಸುಮಾರು 800 ಕಮಿಟ್, ಅಂದರೆ ಉಳಿಸಿಟ್ಟ ಬದಲಾವಣೆ, ಇತ್ತು. ಬೈಸೆಕ್ಟ್‌ಗೆ 'ಇಲ್ಲಿ ಚೆನ್ನಾಗಿತ್ತು, ಇಲ್ಲಿ ಕೆಟ್ಟಿದೆ' ಅಂತ ಎರಡು ತುದಿ ಹೇಳಿದರೆ ಅದು ನಡುವಿನ ಕಮಿಟ್ ತೆಗೆದುಕೊಡುತ್ತದೆ. ಓಡಿಸಿ ನೋಡಿ ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳಬೇಕು. ಪ್ರತಿ ಸಲ ಅರ್ಧ ಕಡಿಮೆಯಾಗುತ್ತದೆ. 800 ಕಮಿಟ್‌ಗೆ 10 ಸಲ ಸಾಕು. ಕಾಲು ಗಂಟೆಯಲ್ಲಿ ಆ ಕಮಿಟ್ ಸಿಕ್ಕಿತು. ನಾರ್ಮಲೈಸೇಶನ್ ಮಾಡುವ ಸಾಲನ್ನು ಲೂಪ್‌ನ ಒಳಗೆ ಹಾಕಿದ್ದೆ. ಒಂದೊಂದು ಸಾಲು ಹೋಲಿಸುವಾಗಲೂ ಇಡೀ ಫೈಲನ್ನು ಮತ್ತೆ ಬದಲಿಸುತ್ತಿತ್ತು. ಆ ಸಾಲನ್ನು ಲೂಪ್‌ನಿಂದ ಆಚೆ ತಂದೆ, ಅಷ್ಟೇ ಕೆಲಸ.

ಗೊತ್ತಿದೆ ಅಂದುಕೊಂಡಿದ್ದನ್ನೂ ಒಮ್ಮೆ ಕೆದಕಿ ನೋಡಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಹೇಳುವ ಉದಾಹರಣೆ ಬೈನರಿ ಸರ್ಚ್, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ವಿಧಾನ. ಮೊದಲ ವರ್ಷದಲ್ಲೇ ಕಲಿಯುತ್ತೀರಿ. ಜಾವಾ ಭಾಷೆಯ ಲೈಬ್ರರಿಯಲ್ಲಿದ್ದ ಬೈನರಿ ಸರ್ಚ್‌ನಲ್ಲಿ ಸುಮಾರು ಒಂಬತ್ತು ವರ್ಷ ಒಂದು ಬಗ್ ಇತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಆ ಬಗ್ಗೆ ಬರೆದರು. ನಡುವಿನ ಜಾಗ ಹುಡುಕಲು ಕೆಳಗಿನ ತುದಿ, ಮೇಲಿನ ತುದಿ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಆ ಮೊತ್ತ 214 ಕೋಟಿ ದಾಟಿದರೆ 32 ಬಿಟ್‌ನಲ್ಲಿ ಹಿಡಿಸದೆ ಋಣಸಂಖ್ಯೆ ಆಗಿಬಿಡುತ್ತದೆ. ಪಟ್ಟಿಯಲ್ಲಿ 107 ಕೋಟಿಗಿಂತ ಜಾಸ್ತಿ ಅಂಶಗಳಿದ್ದಾಗ ಮಾತ್ರ ಅದು ಹೊರಗೆ ಬರುತ್ತಿತ್ತು. ಮೊದಲು ಬರೆದಾಗ ಅಷ್ಟು ದೊಡ್ಡ ಪಟ್ಟಿ ಯಾರ ಬಳಿ ಇತ್ತು? ಮೇಲಿನದರಲ್ಲಿ ಕೆಳಗಿನದನ್ನು ಕಳೆದು, ಅರ್ಧ ಮಾಡಿ, ಕೆಳಗಿನದಕ್ಕೆ ಕೂಡಿಸಿದರೆ ಆ ತೊಂದರೆ ಇಲ್ಲ. ಅಷ್ಟು ಅನುಭವಿಗಳು, ಅಷ್ಟು ಚಿಕ್ಕ ಕೋಡ್. ಬ್ಲಾಕ್ ಅವರು ಅದನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಯುವಂತೆ ಬರೆದರಲ್ಲ, ಅದಕ್ಕೆ ನನಗೆ ತುಂಬಾ ಗೌರವ.

ಎಐ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ನಾನೂ ಬಳಸುತ್ತೇನೆ. ಒಮ್ಮೆ ಪಠ್ಯದ ಮೊದಲ ಕೆಲವು ಅಕ್ಷರ ತೋರಿಸಿ ಆಮೇಲೆ ಮೂರು ಚುಕ್ಕಿ ಹಾಕುವ ಫಂಕ್ಷನ್ ಬರೆದುಕೊಡು ಅಂದೆ. ಚಿಟಿಕೆ ಹೊಡೆಯುವಷ್ಟರಲ್ಲಿ ಕೊಟ್ಟಿತು. ಟೆಸ್ಟ್‌ಗಳನ್ನೂ ಬರೆದುಕೊಟ್ಟಿತು, ಎಲ್ಲವೂ ಹಸಿರು. ಆದರೆ ನನ್ನ ಬಳಿ ಒಂದು ಪಟ್ಟಿ ಇದೆ. ಇಷ್ಟು ವರ್ಷಗಳಲ್ಲಿ ನನಗೆ ತೊಂದರೆ ಕೊಟ್ಟ ಪದಗಳ ಪಟ್ಟಿ. ಖಾಲಿ ಪದ, ಬರೀ ಜಾಗ, ಎರಡೂ ರೂಪದ ಕೋಶ, ಸ್ತ್ರೀ. ಅದನ್ನು ಓಡಿಸಿದೆ. ಸ್ತ್ರೀ ಪದಕ್ಕೆ ಬಂದಾಗ 'ಸ್ತ್' ಅಂತ ನಿಂತಿತು. ಬೈಟ್ ಲೆಕ್ಕದಲ್ಲಿ ತಪ್ಪಿಲ್ಲ, ಕೋಡ್ ಪಾಯಿಂಟ್, ಅಂದರೆ ಯುನಿಕೋಡ್ ಗುರುತುಗಳ ಲೆಕ್ಕದಲ್ಲೂ ತಪ್ಪಿಲ್ಲ, ಓದುವವರ ಲೆಕ್ಕದಲ್ಲಿ ತಪ್ಪು. ಅಲ್ಲಿ ಬೇಕಾಗಿದ್ದು 6 ಅನ್ನುವ ಉತ್ತರ ಅಲ್ಲ, 1 ಅನ್ನುವ ಉತ್ತರ. ಆ ಪಟ್ಟಿ ನನಗೆ ಯಾವ ಉಪಕರಣಕ್ಕಿಂತಲೂ ಬೆಲೆಬಾಳುವ ವಸ್ತು. ನಿಮ್ಮ ಪಟ್ಟಿಯನ್ನು ಇವತ್ತಿಂದಲೇ ಶುರುಮಾಡಿ.

ಸ್ವಂತ ಪ್ರಾಜೆಕ್ಟ್ ಅಂದಾಗ ಏನು ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಿಮಗೇ ದಿನವೂ ಬೇಕಾಗಿದ್ದನ್ನು ಮಾಡಿ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರಿಗೆ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡು ಪುಟಗಳು ಬಂದವು. ಅಚ್ಚು ಚೆನ್ನಾಗಿರಲಿಲ್ಲ, ಮನಸ್ಸಿಗೆ ಬರಲಿಲ್ಲ. ಪುಟ ಜೋಡಿಸುವ ಪ್ರೋಗ್ರಾಂ ನಾನೇ ಬರೆಯುತ್ತೇನೆ ಅಂತ ಹೊರಟರು. ಒಂದು ವರ್ಷದ ಕೆಲಸ ಅಂದುಕೊಂಡಿದ್ದು ಹತ್ತು ವರ್ಷದಷ್ಟು ಹಿಡಿಯಿತು. ಗಣಿತದ ಪುಸ್ತಕ, ಪ್ರಬಂಧಗಳಿಗೆ ಜಗತ್ತು ಇವತ್ತಿಗೂ ಬಳಸುವ ಟೆಕ್ ಹುಟ್ಟಿದ್ದು ಹಾಗೆ. ಇನ್ನೊಂದು ತುದಿಯಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್. ಲಿನಕ್ಸ್ ಕೋಡ್ ನೋಡಿಕೊಳ್ಳಲು ಬಳಸುತ್ತಿದ್ದ ಉಪಕರಣ ಕೈತಪ್ಪಿದಾಗ, 2005ರ ಏಪ್ರಿಲ್ 3ರಂದು ಗಿಟ್ ಬರೆಯಲು ಶುರುಮಾಡಿದರು. ಏಪ್ರಿಲ್ 7ರ ಹೊತ್ತಿಗೆ ಗಿಟ್‌ನ ಕೋಡ್ ಗಿಟ್‌ನಲ್ಲೇ ಇತ್ತು. ಒಂದಕ್ಕೆ ಹತ್ತು ವರ್ಷ, ಇನ್ನೊಂದಕ್ಕೆ ನಾಲ್ಕು ದಿನ. ಇಬ್ಬರಿಗೂ ಅದು ಸ್ವತಃ ಬೇಕಿತ್ತು.

ನನ್ನ ಕಂಪ್ಯೂಟರ್‌ನಲ್ಲಿ ಅರ್ಧಕ್ಕೆ ನಿಂತ ಪ್ರಾಜೆಕ್ಟ್‌ಗಳು ಹದಿಮೂರು ಇವೆ. ಒಂದು ಚೆಸ್ ಆಟ, ಒಂದು ಪುಟ್ಟ ಕಂಪೈಲರ್, ಇನ್ನೂ ಏನೇನೋ. ಅವುಗಳ ಬಗ್ಗೆ ನನಗೆ ಬೇಸರ ಇಲ್ಲ. ಕಂಪೈಲರ್ ಮುಗಿಯಲಿಲ್ಲ, ಆದರೆ ಅದನ್ನು ಬರೆಯುವಾಗ ಪಾರ್ಸಿಂಗ್, ಅಂದರೆ ಪಠ್ಯವನ್ನು ಬಿಡಿಸಿ ಅದರ ರಚನೆ ಗುರುತಿಸುವುದು ಹೇಗೆ ಅಂತ ತಿಳಿಯಿತು. ಆಮೇಲೆ ಕೆಲಸದಲ್ಲಿ ಲಾಗ್ ಫೈಲ್ ಓದುವ ಕೋಡ್ ಬರೆಯಬೇಕಾದಾಗ ಭಯ ಇರಲಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಕೆಲಸ ಸಿಗಲು ಪ್ರಾಜೆಕ್ಟ್ ಎಷ್ಟು ಇರಬೇಕು ಅಂತ ಒಬ್ಬರು ಕೇಳಿದರು. ಒಂದು ಸಾಕು, ಆದರೆ ಅದರ ಯಾವ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೂ ಯಾಕೆ ಹಾಗೆ ಬರೆದೆ ಅಂತ ಹೇಳಲು ಬರಬೇಕು ಅಂದೆ. ಸಮಯ ಹೇಗೆ ಸಿಗುತ್ತದೆ ಅಂತ ಇನ್ನೊಬ್ಬರು. ವಾರಕ್ಕೆ ಮೂರು ಸಂಜೆ, ಒಂದೊಂದು ಗಂಟೆ. ಎದ್ದುಹೋಗುವ ಮೊದಲು ಮುಂದೆ ಏನು ಮಾಡಬೇಕು ಅಂತ ಒಂದು ಸಾಲು ಬರೆದಿಡುತ್ತೇನೆ, ಮತ್ತೆ ಕೂತಾಗ ಅಲ್ಲಿಂದಲೇ ಶುರು.

ಕೊನೆಯಲ್ಲಿ ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಅರ್ಕಾವತ್ತು ಹಾಕಿದ ಸೂರ್ಯ, ಅರ್ಕಾವತ್ತು ಹಾಕದೆ ಯವೊತ್ತು ಕೊಟ್ಟ ಸೂರ‍್ಯ, ಇವೆರಡೂ ಒಂದೇ ಪದ ಅಂತ ನಿಮ್ಮ ಪ್ರೋಗ್ರಾಂಗೆ ಗೊತ್ತಾಗುತ್ತಾ?"

ಎರಡನೇ ರೂಪದಲ್ಲಿ ರಕಾರ ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಜೀರೋ ವಿಡ್ತ್ ಜಾಯ್ನರ್ ಅಂತ. ನಾರ್ಮಲೈಸೇಶನ್ ಅದನ್ನು ತೆಗೆಯುವುದಿಲ್ಲ. ಅದರ ಜೋಡಿಯಾದ ನಾನ್ ಜಾಯ್ನರ್ ನನಗೆ ಗೊತ್ತಿತ್ತು. ಸಾಫ್ಟ್‌ವೇರ್ ಅನ್ನುವ ಪದದಲ್ಲೇ ಟ್ ಆದಮೇಲೆ ಅದು ಕೂತಿರುತ್ತದೆ, ಹೋಲಿಸುವಾಗ ಅದನ್ನು ಬಿಟ್ಟು ನೋಡುವ ಹಾಗೆ ಎಂದೋ ಬರೆದಿದ್ದೆ. ಜಾಯ್ನರ್ ಬಗ್ಗೆ ಯೋಚಿಸಿರಲಿಲ್ಲ. ಹಾಗಂತಲೇ ಹೇಳಿದೆ.

ಆ ಸಂಜೆ ಮನೆಗೆ ಬಂದು ಪಟ್ಟಿಗೆ ಸೂರ್ಯ ಪದದ ಎರಡೂ ರೂಪ ಸೇರಿಸಿದೆ. ಟೆಸ್ಟ್ ಓಡಿಸಿದೆ. ಕೆಂಪು. ಕೋಡ್ ಇನ್ನೂ ಮುಟ್ಟಿಲ್ಲ. ಪಕ್ಕದ ಕಾಗದದ ಮೇಲೆ ಆ ಪದದ ಬೈಟ್‌ಗಳನ್ನು ಒಂದೊಂದಾಗಿ ಬರೆದಿಟ್ಟಿದ್ದೇನೆ.